ಹತ್ತಡಿ ಕೋಣೆಗೆ ಎಷ್ಟಿಂಚಿನ ಸ್ಪೀಕರ್?

“ಮೇಷ್ಟ್ರೇ, ಇವನಿಗೆ ಎಂಟಿಂಚಿಂದೇ ಬೇಕಂತೆ. ಕಡ್ಲೆಕಾಯಿ ದುಡ್ಡೆಲ್ಲ ಅದಕ್ಕೇ ಹೋಗ್ತದೆ. ನೀವಾದ್ರೂ ಒಂದು ಮಾತು ಹೇಳಿ.”

ಪಾವಗಡದ ಕಡೆಯ ರೈತರೊಬ್ಬರು ಮಗನನ್ನು ಕರೆದುಕೊಂಡು ಮಧುಗಿರಿಯ ನಮ್ಮ ಮನೆಗೆ ಬಂದಿದ್ದರು. ಹುಡುಗ ಪಿ.ಯು.ಸಿ. ವಿದ್ಯಾರ್ಥಿ. ಮನೆಯ ಕಂಪ್ಯೂಟರಿನಲ್ಲೇ ಭಜನೆ, ಭಾವಗೀತೆ ರೆಕಾರ್ಡ್ ಮಾಡುತ್ತಾನೆ. ಗೆಳೆಯನಿಂದ ತಂದ ಐದಿಂಚಿನ ಸ್ಪೀಕರುಗಳಲ್ಲಿ ಡಗ್ಗಾ ಕೇಳಿಸುವುದೇ ಇಲ್ಲ ಎಂಬುದು ಆತನ ದೂರು. ಅದಕ್ಕೇ ಡಗ್ಗಾ ಏರಿಸಿ ಮುಗಿಸಿದ ಹಾಡನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಕಿದರೆ, ಹಾಡಿದವಳ ದನಿಯೇ ಮುಚ್ಚಿಹೋಗುವಷ್ಟು ‘ಧುಂ ಧುಂ’. ಹುಡುಗನಿಗೆ ನಾಚಿಕೆ, ಹಾಡಿದ ತಂಗಿಗೆ ಅಳು.

ಭಾನುವಾರ ಅವರ ಮನೆಗೇ ಹೋದೆ. ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಎತ್ತರವೂ ಹತ್ತಡಿ. ಸಿಮೆಂಟ್ ಗೋಡೆ, ಆರ್.ಸಿ.ಸಿ. ತಾರಸಿ. ನಟ್ಟನಡುವೆ ಹುಡುಗನ ಕುರ್ಚಿ. ಅರ್ಧ ಉತ್ತರ ಅಲ್ಲೇ ಸಿಕ್ಕಿತು.

30 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. 57 ಹರ್ಟ್ಸ್ ದನಿಯ ಅಲೆ ಸುಮಾರು ಇಪ್ಪತ್ತಡಿ ಉದ್ದ. ಅದರ ಅರ್ಧ, ಹತ್ತಡಿ. ಎದುರುಬದುರು ಗೋಡೆಗಳ ನಡುವೆ ಅದು ಸ್ಥಾಯಿ ತರಂಗವಾಗಿ ನಿಂತುಬಿಡುತ್ತದೆ. ಗೋಡೆಯ ಬಳಿ ಗಾಳಿಯ ಒತ್ತಡದ ಏರಿಳಿತ ಗರಿಷ್ಠ, ನಡುವೆ ಹೆಚ್ಚುಕಡಿಮೆ ಸೊನ್ನೆ. ಕಿವಿಗೆ ತಿಳಿಯುವುದು ಒತ್ತಡವೇ ತಾನೆ? ಮೂರು ಅಳತೆಯೂ ಒಂದೇ ಆದ ಕೋಣೆಯಲ್ಲಿ ಮೂರೂ ದಿಕ್ಕಿನ ತೊಂದರೆ ಅದೇ ಸ್ವರಕ್ಕೆ ಬಂದು ಕೂಡುತ್ತದೆ. ಅಲ್ಲಿ ಎಂಟಿಂಚಿನದನ್ನು ತಂದಿಟ್ಟರೂ ನಡುವಿನ ಸೊನ್ನೆ ಸೊನ್ನೆಯೇ, ಗೋಡೆ ಬದಿಯ ಗುಡುಗು ಮಾತ್ರ ಹೆಚ್ಚುತ್ತದೆ.

ಮೊಬೈಲಿನಿಂದ 57 ಹರ್ಟ್ಸ್ ದನಿಯನ್ನು ಸ್ಪೀಕರಿಗೆ ಕೊಟ್ಟು (ಮೊಬೈಲಿನ ಸ್ವಂತ ಸ್ಪೀಕರಿಗೆ ಇದು ನಿಲುಕದು) ತಂದೆಯವರನ್ನು ಕೋಣೆಯೊಳಗೆ ನಡೆದಾಡಿ ಎಂದೆ. ಮೂಲೆಗೆ ಹೋದವರೇ “ಇಲ್ಲಿ ಎದೆಗೇ ಬಡೀತದಲ್ಲ!” ಎಂದರು.

ಸ್ಟುಡಿಯೋ ಮಾನಿಟರ್ ಎಂದರೆ ತರಗತಿಯ ಮಾನಿಟರನ ಹಾಗೆ, ನಡೆದದ್ದನ್ನು ನಡೆದಂತೆ ಹೇಳಬೇಕು. ಹಾಡನ್ನು ಸಿಹಿ ಮಾಡಿ ಕೇಳಿಸುವುದು ಅದರ ಕೆಲಸವಲ್ಲ. 1970ರ ದಶಕದಲ್ಲಿ ಬಿ.ಬಿ.ಸಿ.ಯವರು ತಮ್ಮ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೂತು ಕೇಳಲೆಂದೇ ಎಲ್.ಎಸ್. 3/5ಎ ಎಂಬ ಒಂದಡಿ ಎತ್ತರದ ಪೆಟ್ಟಿಗೆ ರೂಪಿಸಿದ್ದರು. ಇಕ್ಕಟ್ಟಿನ ಜಾಗಕ್ಕೆ ಚಿಕ್ಕದೇ ಸರಿಯೆಂದು ಅವರಿಗೆ ಗೊತ್ತಿತ್ತು.

ಕುರ್ಚಿಯನ್ನು ಎದುರುಗೋಡೆಯಿಂದ ಸುಮಾರು ನಾಲ್ಕಡಿಗೆ ಸರಿಸಿದೆವು. ಎರಡು ಸ್ಪೀಕರು ಮತ್ತು ತಲೆ ಸೇರಿ ಸಮಬಾಹು ತ್ರಿಭುಜ, ಬದಿ ಮೂರಡಿ. ಟ್ವೀಟರ್ ಕಿವಿಯ ಮಟ್ಟಕ್ಕೆ. ಇಷ್ಟು ಹತ್ತಿರವಿದ್ದರೆ ಗೋಡೆಗೆ ಬಡಿದು ಬರುವ ದನಿಗಿಂತ ನೇರ ದನಿ ಮೇಲುಗೈಯಾಗುತ್ತದೆ. ಕಂಬಳಿ ತೂಗುಹಾಕಬಹುದೇ ಎಂದರು. ಹಾಕಿ, ಚಪ್ಪಾಳೆಯ ಗಣಗಣ ತಗ್ಗೀತು. ಇಪ್ಪತ್ತಡಿಯ ಅಲೆಗೆ ಕಂಬಳಿ ಯಾವ ಲೆಕ್ಕ? ಡಗ್ಗಾದ ಅನುಮಾನವಿದ್ದಾಗ ಹೆಡ್‌ಫೋನಿನಲ್ಲಿ ಒಮ್ಮೆ ಕೇಳು, ಅದಕ್ಕೆ ಕೋಣೆಯ ಹಂಗಿಲ್ಲ ಎಂದು ಹುಡುಗನಿಗೆ ಹೇಳಿದೆ.

ಕೊಳ್ಳುವಾಗ ಆಂಪ್ಲಿಫೈಯರ್ ಒಳಗೇ ಇರುವ ಐದಿಂಚಿನ ಜೋಡಿ ಸಾಕು. ಗೋಡೆ ಹತ್ತಿರವಿದ್ದರೆ ತಗ್ಗುದನಿ ಇಳಿಸುವ ಸ್ವಿಚ್ಚು ಹಿಂಬದಿಯಲ್ಲಿದೆಯೇ ನೋಡಿ. ನೀವೇ ರೆಕಾರ್ಡ್ ಮಾಡಿದ ಹಾಡನ್ನು ಒಯ್ದು ಅಂಗಡಿಯಲ್ಲಿ ಹಾಕಿಸಿ ಕೇಳಿ. ಮನೆಯ ಪ್ಲಗ್ಗಿನಲ್ಲಿ ಅರ್ಥ್ ಸರಿಯಿದೆಯೇ ಎಂದು ಮೊದಲೇ ಪರೀಕ್ಷಿಸಿ.

ಹುಡುಗ ಇನ್ನೂ ಎಂಟಿಂಚಿನ ಆಸೆ ಬಿಟ್ಟಿರಲಿಲ್ಲ. ಆದರೆ ತಂಗಿಯನ್ನು ಕರೆದು ಅದೇ ಹಾಡನ್ನು ಮತ್ತೆ ಹಾಕಿ, ಡಗ್ಗಾ ಇಳಿಸತೊಡಗಿದ್ದ.