ಮೋರಿ ಪಕ್ಕದ ಪಾರ್ಕು: ಬಸ್ಸಿನವರನ್ನು ಕೇಳಿದಿರಾ, ಅಂಗಡಿಯವರನ್ನು ಕೇಳಿದಿರಾ?

ಶಾಂತಿನಗರ ಬಸ್ ನಿಲ್ದಾಣದ ಹಿಂದಿನ ಮೋರಿಯ ಪರಿಚಯ ಬೆಂಗಳೂರಿಗೆ ದಿನಾ ಬಂದುಹೋಗುವವರಿಗೆ ಮಾಡಿಕೊಡಬೇಕಾಗಿಲ್ಲ. ಬಸ್ಸು ಅಲ್ಲಿ ನಿಧಾನವಾಯಿತೆಂದರೆ ಕಿಟಕಿ ಪಕ್ಕ ಕೂತವರ ಕರವಸ್ತ್ರ ತಾನಾಗೇ ಮೂಗಿಗೆ ಹೋಗುತ್ತಿತ್ತು. ತೂಕಡಿಸುತ್ತಿದ್ದವರು ವಾಸನೆಗೇ ಎಚ್ಚೆತ್ತು, ಸ್ಟಾಪು ಬಂತು ಅಂತ ಚೀಲ ಹುಡುಕುತ್ತಿದ್ದರು. ವರ್ಷಾನುಗಟ್ಟಲೆ ಹೀಗೇ ನಡೆಯಿತು.

ಈ ಮೋರಿಗೆ ಹಳೆಯ ಹೆಸರು ರಾಜಕಾಲುವೆ. ಮೆಜೆಸ್ಟಿಕ್ ಆಸುಪಾಸಿನಲ್ಲಿ ಹುಟ್ಟಿ, ಕಲಾಸಿಪಾಳ್ಯ, ವಿಲ್ಸನ್ ಗಾರ್ಡನ್, ಶಾಂತಿನಗರ, ಕೋರಮಂಗಲ ಹಾದು ಬೆಳ್ಳಂದೂರು ಕೆರೆ ಸೇರುತ್ತದೆ. ಹತ್ತು ಕಿಲೋಮೀಟರ್ ಆಸುಪಾಸಿನ ಹಾದಿ. ಇಲಾಖೆಯ ನಕ್ಷೆಯಲ್ಲಿ ಇದರ ಹೆಸರು ಕೆ-100. ಇದರ ಕೊಳಚೆ ತಪ್ಪಿಸಿ, ದಡದಲ್ಲಿ ಕಾಲುದಾರಿ, ಗಿಡ, ದೀಪ, ಕೂರುವ ಕಟ್ಟೆ ಮಾಡಿ ಜನ ಓಡಾಡುವ ಜಾಗ ಮಾಡುವುದಾಗಿ ಮಹಾನಗರ ಪಾಲಿಕೆ 2021ರಲ್ಲಿ ಕೆಲಸಕ್ಕೆ ಕೈಹಾಕಿತು. ಅಂದಾಜು ವೆಚ್ಚ ಸುಮಾರು 175 ಕೋಟಿ ರೂಪಾಯಿ. ಗಡುವುಗಳು ಬಂದವು, ಹೋದವು. ಕೆಲವು ಕಡೆ ಗೋಡೆ, ಕಾಲುದಾರಿ ಎದ್ದು ನಿಂತಿವೆ.

ಒಳ್ಳೆಯ ಕೆಲಸ, ಅನುಮಾನವಿಲ್ಲ. ಮೂಗು ಇರುವವರು ಯಾರೂ ಬೇಡ ಅನ್ನುವುದಿಲ್ಲ. ಪ್ರಶ್ನೆ ಇರುವುದು ಬೇರೆ. ಈ ಪಾರ್ಕು ಯಾರಿಗೆ? ಅದು ಹೇಗಿರಬೇಕೆಂದು ಹೇಳುವ ಹಕ್ಕು ಯಾರಿಗೆ?

ಕೆರೆ ಹೋಗಿ ಬಸ್ ಸ್ಟ್ಯಾಂಡು ಬಂತು

ಮಳೆ ಬಿದ್ದಾಗ ಒಂದು ಕೆರೆ ತುಂಬಿ, ಕೋಡಿ ಹರಿದು ಮುಂದಿನ ಕೆರೆಗೆ ನೀರು ಹೋಗಲೆಂದು ಹಿಂದಿನವರು ಬಿಟ್ಟ ದಾರಿಯೇ ರಾಜಕಾಲುವೆ. ಇಂದು ನಾವು ಬಸ್ಸಿಗೆ ಕಾಯುವ ಮೆಜೆಸ್ಟಿಕ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕೋರಮಂಗಲದಲ್ಲಿ ಮನೆ ಕಟ್ಟಿದ್ದೂ ಕೆರೆಯ ಜಾಗದಲ್ಲೇ. ಕೆರೆಗಳು ಹೋದವು, ಕಾಲುವೆ ಮಾತ್ರ ಉಳಿಯಿತು. ನೀರಿಲ್ಲದ ಕಾಲುವೆಗೆ ಊರು ತನ್ನ ಕಕ್ಕಸಿನ ಕೊಳವೆ ತಿರುಗಿಸಿತು. ಮೋರಿ ತಾನಾಗಿ ಆದದ್ದಲ್ಲ ಸ್ವಾಮಿ, ನಾವು ಮಾಡಿದ್ದು.

ಯಾರ ಮಾತು ಏನು?

ಮೋರಿ ದಡದ ಮಾತಿಗೆ ಕಿವಿಗೊಟ್ಟರೆ ಒಂದೇ ಅಭಿಪ್ರಾಯ ಸಿಗುವುದಿಲ್ಲ. ನಾಲ್ಕು ಜನಕ್ಕೆ ಐದು ಮಾತು. ಅದು ಸಹಜ.

ಅಂಗಡಿಯವರ ಮೊದಲ ಮಾತು, ಅಗೆದ ಮೇಲೆ ಬೇಗ ಮುಚ್ಚಿ ಎಂಬುದು. ಮುಂದೆ ಮಣ್ಣಿನ ಗುಡ್ಡೆ ಬಿದ್ದರೆ ಗಿರಾಕಿ ಆಚೆ ಬೀದಿಗೆ ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಸಾಮಾನು ಇಳಿಸುವ ಆಟೋ, ಟೆಂಪೋ ನಿಲ್ಲಲು ಜಾಗ ಬಿಡಿ ಎಂಬುದು ಎರಡನೆಯದು. ಮೂರನೆಯದು ಕಸ. ಅಂಗಡಿಯವರೇ ಮೋರಿಗೆ ಸುರಿಯುತ್ತಾರೆ ಅಂತ ಎಲ್ಲರೂ ಬೈಯುತ್ತಾರೆ. ಬೈಗುಳದಲ್ಲಿ ಸುಳ್ಳೇನೂ ಇಲ್ಲ. ಆದರೆ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಕಸದ ಗಾಡಿ ಬರಬೇಕಲ್ಲ? ಬೆಳಗ್ಗೆ ಗಾಡಿ ಬಂದಾಗ ಅಂಗಡಿಗೆ ಬೀಗ, ಅಂಗಡಿ ತೆರೆದಾಗ ಗಾಡಿ ಮಾಯ.

ಬಸ್ಸಿನವರ ಬೇಡಿಕೆ ಸಣ್ಣದು. ಕಲಾಸಿಪಾಳ್ಯದಲ್ಲಿ ಇಳಿದು ಶಾಂತಿನಗರಕ್ಕೆ ಹೋಗಬೇಕಾದವನಿಗೆ ಲಾರಿ, ಸ್ಕೂಟರುಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಡೆಯುವ ಬದಲು, ದಡದಲ್ಲೇ ಒಂದು ನೇರ ದಾರಿ ಸಿಕ್ಕರೆ ಸಾಕು. ಕುಡಿಯುವ ನೀರು, ಹೆಂಗಸರು ಹೋಗಬಹುದಾದಂಥ ಶೌಚಾಲಯ, ಕತ್ತಲಾದ ಮೇಲೆ ಉರಿಯುವ ದೀಪ. ಅವರಿಗೆ ಇದು ಪಾರ್ಕಿಗಿಂತ ಹೆಚ್ಚಾಗಿ ದಾರಿ.

ಬೆಳಗಿನ ವಾಕಿಂಗಿನವರಿಗೆ ಮರ, ನೆರಳು, ಶಾಂತಿ ಬೇಕು. ತಳ್ಳುಗಾಡಿ ಬೇಡ, ಗಲಾಟೆ ಬೇಡ, ರಾತ್ರಿ ಗೇಟಿಗೆ ಬೀಗ ಬೇಕು. ಕಡಲೆಕಾಯಿ ಮಾರುವವನು ಕೇಳುವುದು, ನಾನೆಲ್ಲಿ ನಿಲ್ಲಲಿ ಎಂದು. ಅದೂ ನ್ಯಾಯವೇ.

ಇನ್ನು ಮನೆಯ ಹಿತ್ತಲೇ ಮೋರಿಯಾಗಿರುವವರು. ಅವರಿಗೆ ಹೂಗಿಡದ ಚಿಂತೆ ಇಲ್ಲ. ಮಳೆ ಬಂದ ರಾತ್ರಿ ನೀರು ಒಳಗೆ ನುಗ್ಗುವುದೋ ಇಲ್ಲವೋ ಎಂಬುದೊಂದು ಚಿಂತೆ. ಪಾರ್ಕು ಚೆನ್ನಾದ ಮೇಲೆ ನಮ್ಮನ್ನೇ ಎಬ್ಬಿಸಿಬಿಟ್ಟರೆ ಎಂಬುದು ಇನ್ನೊಂದು.

ಸಿಯೋಲ್ ತೋರಿಸುವವರಿಗೆ

ಈ ಯೋಜನೆಯ ಮಾತು ಬಂದಾಗಲೆಲ್ಲ ಕೊರಿಯಾದ ಸಿಯೋಲ್ ನಗರದ ಚಿಯೊಂಗ್‌ಗ್ಯೆಚಿಯೊನ್ ತೊರೆಯ ಹೆಸರು ಬರುತ್ತದೆ. ಅಲ್ಲಿ ತೊರೆಯ ಮೇಲಿದ್ದ ಮೇಲ್ಸೇತುವೆಯನ್ನೇ ಕೆಡವಿ, 2003ರಲ್ಲಿ ಶುರುಮಾಡಿ 2005ರ ಅಕ್ಟೋಬರಿನಲ್ಲಿ ಸುಮಾರು 5.8 ಕಿಲೋಮೀಟರ್ ತೊರೆಯನ್ನು ಜನರಿಗೆ ಬಿಟ್ಟುಕೊಟ್ಟರು. ಫೋಟೋ ನೋಡಿದರೆ ಕಣ್ಣು ತಣ್ಣಗಾಗುತ್ತದೆ.

ಆದರೆ ಫೋಟೋದಲ್ಲಿ ಕಾಣದ್ದೂ ಇದೆ. ಅಲ್ಲಿ ಹರಿಯುವ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪು ಮಾಡಿ ತರುವ ನೀರು. ಕೆಲಸಕ್ಕೆ ಮುಂಚೆ ಸುತ್ತಲ ವರ್ತಕರೊಡನೆ ಸಭೆಯ ಮೇಲೆ ಸಭೆ ನಡೆಸಿದರು. ಅಷ್ಟಾದರೂ ಬೀದಿ ವ್ಯಾಪಾರಿಗಳು ಜಾಗ ಕಳೆದುಕೊಂಡರು. ಅವರನ್ನು ಒಂದು ಹಳೆಯ ಕ್ರೀಡಾಂಗಣಕ್ಕೆ ಕಳಿಸಿದರು, ಅದನ್ನೂ ಕೆಡವುವಾಗ ಮತ್ತೆ ಎಬ್ಬಿಸಿದರು. ಸಿಯೋಲಿನಿಂದ ಕಲ್ಲುಚಪ್ಪಡಿ ಕಲಿಯುವುದಾದರೆ ಆ ಸಭೆಗಳನ್ನೂ ಕಲಿಯೋಣ, ಆ ತಪ್ಪನ್ನೂ ನೋಡೋಣ. ನಮಗೆ ಪಂಪು ಮಾಡಲು ಪಕ್ಕದಲ್ಲಿ ನದಿಯಿಲ್ಲ. ಕಾವೇರಿ ಬರುವುದು ನೂರು ಕಿಲೋಮೀಟರ್ ದೂರದಿಂದ, ಅದೂ ಕುಡಿಯಲು.

ಆದ್ದರಿಂದ ಇಲ್ಲಿ ಎಲ್ಲಕ್ಕಿಂತ ಮೊದಲು ಕೊಳಚೆ. ಒಂದೇ ಒಂದು ಕೊಳವೆ ಮೋರಿಗೆ ಬಿಟ್ಟುಕೊಂಡಿದ್ದರೂ ದಡದ ಮಲ್ಲಿಗೆ ಗಿಡ ಸೋಲುತ್ತದೆ. ಇದು ನಮ್ಮ ಮೂಗಿನ ಪ್ರಶ್ನೆ ಮಾತ್ರವೂ ಅಲ್ಲ. ಈ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸಲಾಗುತ್ತಿದೆ. ಮೋರಿಯಲ್ಲೇ ಹರಿದುಹೋದದ್ದು ಬೆಳ್ಳಂದೂರು ಸೇರುತ್ತದೆ. ಆ ಕೆರೆಗೆ ಬೆಂಕಿ ಬಿದ್ದದ್ದನ್ನು 2017ರಲ್ಲೂ 2018ರಲ್ಲೂ ಲೋಕವೆಲ್ಲ ನೋಡಿತು.

ಎರಡನೆಯದು ಜೀವ. 2009ರಲ್ಲಿ ಲಿಂಗರಾಜಪುರದಲ್ಲಿ ಒಬ್ಬ ಪುಟ್ಟ ಹುಡುಗ, 2014ರಲ್ಲಿ ಬಿಳೇಕಹಳ್ಳಿಯಲ್ಲಿ ಒಬ್ಬ ಹುಡುಗಿ, ಮಳೆ ಸಂಜೆ ಮೋರಿಗೆ ಬಿದ್ದು ಕೊಚ್ಚಿಹೋದರು. ಜನರನ್ನು ನೀರಿನ ಹತ್ತಿರಕ್ಕೆ ಕರೆಯುವ ನಕ್ಷೆ, ಮಳೆ ಬಂದಾಗ ಅವರನ್ನು ಮೇಲಕ್ಕೆ ಕಳಿಸುವ ದಾರಿಯನ್ನೂ ತೋರಿಸಬೇಕು. ಕಟಕಟೆ, ಮೆಟ್ಟಿಲು, ಎಚ್ಚರಿಕೆಯ ಗಂಟೆ, ಕಾವಲಿಗೊಬ್ಬ ಆಳು. ಅಲಂಕಾರದ ನೆಪದಲ್ಲಿ ಕಾಲುವೆಯ ಅಗಲ ಒಂದಡಿಯೂ ತಗ್ಗಬಾರದು. ನೀರಿಗೆ ದಾರಿ ಬಿಡದಿದ್ದರೆ ಏನಾಗುತ್ತದೆಂದು 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ದೋಣಿಯಲ್ಲಿ ಕೂತು ಹೊರಬಂದವರು ಹೇಳುತ್ತಾರೆ.

ನಮ್ಮ ಅಹವಾಲು

ಪಾಲಿಕೆಯ ಚುನಾಯಿತ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಈ ಯೋಜನೆಗೆ ಕೈಹಾಕಿದಾಗ ಬಾಗಿಲು ತಟ್ಟಿ ಕೇಳಲು ವಾರ್ಡಿಗೊಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಮೋರಿಗೆ ಈ ಗಡಿಗಳು ಗೊತ್ತಿಲ್ಲ. ಇಲ್ಲಿ ಹೊಣೆ ಅವರದು, ಅಲ್ಲಿ ಇವರದು ಎಂಬ ಆಟ ನಡೆಯಬಾರದು.

ಆಗಬೇಕಾದದ್ದು ಇಷ್ಟು. ಒಂದು, ಉಳಿದ ಭಾಗದ ನಕ್ಷೆಯನ್ನು ದೊಡ್ಡದಾಗಿ ಬರೆಸಿ, ಕನ್ನಡದಲ್ಲಿ ವಿವರ ಹಾಕಿ, ಮೆಜೆಸ್ಟಿಕ್, ಕಲಾಸಿಪಾಳ್ಯ, ಶಾಂತಿನಗರ ನಿಲ್ದಾಣಗಳಲ್ಲಿ ತೂಗುಹಾಕಿ. ಬಸ್ಸಿಗೆ ಕಾಯುವವನಿಗೆ ಓದಲು ಬೇಕಾದಷ್ಟು ಹೊತ್ತಿದೆ. ಎರಡು, ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಕರೆಯಬೇಡಿ. ಗಲ್ಲಾಪೆಟ್ಟಿಗೆ ಬಿಟ್ಟು ಯಾರು ಬರುತ್ತಾರೆ? ರಾತ್ರಿ ಒಂಬತ್ತಕ್ಕೆ, ಬೀದಿಯಲ್ಲೇ ಕರೆಯಿರಿ. ಮೂರು, ತಳ್ಳುಗಾಡಿಯವರಿಗೆ ಗೆರೆ ಎಳೆದು ಜಾಗ ಕೊಡಿ. ಓಡಿಸಿದರೆ ಅವರು ನಾಳೆ ದಾರಿಯ ನಡುವೆಯೇ ನಿಲ್ಲುತ್ತಾರೆ. ನಾಲ್ಕು, ಗೇಟು ಇಟ್ಟರೆ ಅದು ಕೊನೆಯ ಬಸ್ಸಿನವರೆಗೆ ತೆರೆದಿರಲಿ. ವಾಕಿಂಗಿನವರು ಬೇಸರಿಸಬಾರದು. ಜನ ಓಡಾಡುವ ದಾರಿಗಿಂತ ಒಳ್ಳೆಯ ಕಾವಲಿಲ್ಲ.

ನಾವೂ ಒಂದು ಮಾತು ಕೊಡಬೇಕು. ಕಸದ ಗಾಡಿ ಸರಿಯಾದ ಹೊತ್ತಿಗೆ ಬಂದ ಮೇಲೂ ಮೋರಿಗೆ ಚೀಲ ಎಸೆಯುವ ಅಂಗಡಿಯವನನ್ನು ಪಕ್ಕದ ಅಂಗಡಿಯವನೇ ತಡೆಯಬೇಕು. ಅಷ್ಟೂ ಆಗದಿದ್ದರೆ ಸರ್ಕಾರವನ್ನು ಬೈಯುವ ಬಾಯಿಗೆ ಬೆಲೆ ಇರುವುದಿಲ್ಲ.

ನಕ್ಷೆ ಅಳೆಯಲು ನಮಗೆ ಇಂಜಿನಿಯರಿಂಗ್ ಬರುವುದಿಲ್ಲ. ನಮ್ಮದು ಒಂದೇ ಪರೀಕ್ಷೆ. ಶಾಂತಿನಗರದಲ್ಲಿ ಬಸ್ಸು ನಿಧಾನವಾದಾಗ ಕರವಸ್ತ್ರ ಜೇಬಿನಲ್ಲೇ ಉಳಿಯಬೇಕು. ಸಂಬಂಧಪಟ್ಟವರು ಅದೊಂದರಲ್ಲಿ ಪಾಸಾಗಲಿ. ಹೂಗಿಡ, ದೀಪದ ಕಂಬಗಳ ಮಾತು ಆಮೇಲೆ ಆಡೋಣ.