ಸ್ಪ್ರಿಂಗ್‌ಗೆ ರಬ್ಬರ್ ಬೇಡ, ಟೈರಿಗೆ ಗಾಳಿ ಇರಲಿ

ದಾವಣಗೆರೆಯ ಹಂಪ್‌ಗಳಿಗೆ ಕಾರಿನ ತಳ ಉಜ್ಜುತ್ತೆ ಅಂತ ನಿಮ್ಮವರೂ ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಕೂರಿಸಲು ಹೊರಟಿದ್ದಾರೆಯೇ? ಸ್ವಲ್ಪ ತಡೆಯಿರಿ. ಕಾರು ಎತ್ತರವಾದಷ್ಟೂ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಸ್ಪ್ರಿಂಗ್ ತೀರಾ ಬಿಗಿಯಾದರೆ ಹಳ್ಳ-ದಿಣ್ಣೆಯಲ್ಲಿ ಟೈರ್ ನೆಲ ಬಿಟ್ಟು ಕುಣಿಯುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಇದು ಗೊತ್ತಾಗೋದಿಲ್ಲ. ಹರಿಹರದ ಹೆದ್ದಾರಿಯಲ್ಲಿ ದನ ಅಡ್ಡಬಂದು ಸ್ಟೇರಿಂಗ್ ಎಳೆದಾಗ ಗೊತ್ತಾಗುತ್ತೆ. ಆಗ ಹಿಂದೆ ಕೂತಿರೋದು ನಾವು, ನಮ್ಮ ಮಕ್ಕಳು!

ತಳ ಉಜ್ಜುವುದಕ್ಕೆ ಹಳೇ ಸ್ಪ್ರಿಂಗ್ ಕುಸಿದಿರುವುದೇ ಕಾರಣವಿರಬಹುದು. ಹಾಗಿದ್ದರೆ ಕಂಪನಿಯದ್ದೇ ಹೊಸದು ಹಾಕಿಸಿ. ಸವೆದ ಶಾಕ್ ಅಬ್ಸಾರ್ಬರ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ. ಎಷ್ಟು ಗಾಳಿ ಬೇಕೆಂದು ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲೋ ಕಾರಿನ ಪುಸ್ತಕದಲ್ಲೋ ಬರೆದಿರುತ್ತದೆ. ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ ನೀವೇ ನೋಡಿಸಿ. ಮನೆಖರ್ಚಿನ ಲೆಕ್ಕ ನಿಮ್ಮದೇ ತಾನೇ? ಬಫರ್ ದುಡ್ಡನ್ನು ಇದಕ್ಕೇ ಎತ್ತಿಡಿ.