ಸೀಸದ ಕಡ್ಡಿಯಲ್ಲಿ ಇಲ್ಲದ ಸೀಸ

ಕನ್ನಡ ಶಾಲೆಯ ಮಗು ಹಿಡಿದಿರುವುದು ಸೀಸದ ಕಡ್ಡಿ; ಮರಾಠಿ ಶಾಲೆಯಲ್ಲಿ ಅದೇ ಶಿಸಪೆನ್ಸಿಲ್. ನೆರೆಹೊರೆಯ ಎರಡು ಭಾಷೆಗಳೂ ಇಲ್ಲಿ ಒಂದೇ ತಪ್ಪನ್ನು ಉಳಿಸಿಕೊಂಡಿವೆ. ಆ ಕಡ್ಡಿಯೊಳಗಿರುವುದು ಸೀಸವಲ್ಲ, ಗ್ರಾಫೈಟ್. ಇಂಗಾಲದ ಒಂದು ರೂಪ. ಸೀಸ ಅಡಗಿರುವುದು ಹೆಸರು ಸುಳಿವು ಕೊಡದ ಕಡೆಗಳಲ್ಲಿ: ಹಳೆಯ ಬಣ್ಣ ಉದುರುವ ಗೋಡೆಯಲ್ಲಿ, ಬ್ಯಾಟರಿ ಒಡೆದು ಕರಗಿಸಿದ ಜಾಗದ ಮಣ್ಣಿನಲ್ಲಿ, ಕೆಲವು ಪಿವಿಸಿ ಕೊಳವೆಗಳಲ್ಲಿ, ಕಲಬೆರಕೆಯ ಅರಿಸಿನದಲ್ಲಿ.

ನೀರಿನಲ್ಲಿ ಕರಗಿದ ಸೀಸ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ದೇಹವನ್ನು ಹೊಕ್ಕ ಮೇಲೆ ಅದು ಕ್ಯಾಲ್ಸಿಯಂನ ವೇಷ ಧರಿಸಿ ಮೂಳೆ, ಹಲ್ಲುಗಳಲ್ಲಿ ನೆಲೆಸುತ್ತದೆ. ತಾಯಿ ಗರ್ಭಿಣಿಯಾದಾಗ ಮೂಳೆಯಿಂದ ರಕ್ತಕ್ಕೆ ಮರಳಿ ಶಿಶುವನ್ನು ಮುಟ್ಟುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡವನ್ನು ಏರಿಸುತ್ತದೆ, ಮೂತ್ರಪಿಂಡವನ್ನು ಕೆಡಿಸುತ್ತದೆ. ಎಳೆಯ ಮಕ್ಕಳು ನುಂಗಿದ ಸೀಸವನ್ನು ದೊಡ್ಡವರಿಗಿಂತ 4-5 ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತಾರೆ. ಅವರಲ್ಲಿ ಕುಗ್ಗುವುದು ಕಲಿಯುವ ಶಕ್ತಿ, ಗಮನ ನಿಲ್ಲಿಸುವ ಶಕ್ತಿ. ಹೊರಗೆ ಯಾವ ಲಕ್ಷಣವೂ ಕಾಣದೆ ಇಷ್ಟೆಲ್ಲ ನಡೆಯಬಹುದು. ಆಗ ಮಗುವಿಗೆ ದೊರೆಯುವುದು ಚಿಕಿತ್ಸೆಯಲ್ಲ, ‘ದಡ್ಡ’ ಎಂಬ ಬಿರುದು. ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆಯೆಂದು 2020ರ ಯುನಿಸೆಫ್ ವರದಿ ಅಂದಾಜಿಸಿತು.

ಇದು ರಸಾಯನಶಾಸ್ತ್ರದವರ ವಿಷಯ, ಕನ್ನಡ ವಿಭಾಗಕ್ಕೇಕೆ ಎಂದು ಕೇಳುವವರುಂಟು. ಬಾಂಗ್ಲಾದೇಶದ ಅನುಭವ ಇದಕ್ಕೆ ಉತ್ತರ. ಅಲ್ಲಿ ಅರಿಸಿನಕ್ಕೆ ಹೊಳಪು ಕೊಡಲು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬಳಸುತ್ತಿದ್ದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಷ್ಟರಲ್ಲಿ ಸೀಸ ಪತ್ತೆಯಾಗಿತ್ತು. 2021ರ ಹೊತ್ತಿಗೆ ಅದು ಸೊನ್ನೆಗಿಳಿಯಿತು. ದಂಡ ವಿಧಿಸಿದ್ದು ನಿಜ. ಅದರೊಡನೆ ಪೇಟೆಗಳಲ್ಲಿ ಜನರಿಗೆ ತಿಳಿಯುವಂತೆ ಎಚ್ಚರಿಕೆಯ ಪ್ರಕಟಣೆಗಳನ್ನು ಅಂಟಿಸಿದ್ದೂ ಅಷ್ಟೇ ನಿಜ. ಕಾಯ್ದೆಯ ಕೈಗೆ ಭಾಷೆಯ ಬಲ ಸೇರಿತ್ತು.

ಅಕ್ಕಲಕೋಟೆ, ಜತ್ತದ ಕನ್ನಡ ಮನೆಗಳಲ್ಲಿ ಆ ಬಲ ಸಾಲದು. ಪೊಟ್ಟಣದ ಮೇಲಿನ ಮಾತು ಇಂಗ್ಲಿಷಿನದು, ಕಚೇರಿಯ ಸೂಚನೆ ಮರಾಠಿಯದು, ಅಡುಗೆಮನೆಯ ಅಜ್ಜಿಯ ಕಿವಿ ಕನ್ನಡದ್ದು. ‘ನೀರು ಕಾಯಿಸಿ ಕುಡಿಯಿರಿ’ ಎಂಬ ಮಾತು ಅವಳಿಗೆ ತಲುಪಿದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಹೋಗದು, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ ಎಂಬ ಮಾತು ತಲುಪಿಲ್ಲ. ಅರಿಸಿನದ ಕೊಂಬು ತಂದು ಮನೆಯಲ್ಲೇ ಕುಟ್ಟಿದರೆ ಭಯವಿಲ್ಲವೆಂದು ಅವಳು ನಂಬಿದ್ದಾಳೆ. ಬಾಂಗ್ಲಾದೇಶದಲ್ಲಿ ಬಣ್ಣ ಬಳಿದದ್ದು ಕೊಂಬಿಗೇ. ಕಲಾಯಿಗೆ ಬೇಕಾದುದು ತವರ, ಮರಾಠಿಯ ಕಥಿಲ. ಅದರಲ್ಲಿ ಅಗ್ಗದ ಸೀಸ ಬೆರೆತರೆ ಹುಣಸೆಹುಳಿಯ ಸಾರು ಅದನ್ನು ಕರಗಿಸಿಕೊಳ್ಳುತ್ತದೆ. ಕಲಾಯಿಗಾರನನ್ನು ‘ಇದು ತವರವೋ, ಸೀಸವೋ’ ಎಂದು ಕೇಳಬೇಕಾದರೆ ಮೊದಲು ಆ ಎರಡು ಪದಗಳ ಅಂತರ ತಿಳಿದಿರಬೇಕು.

ಗಡಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಎರಡು ಭಾಷೆಗಳ ಒಡನಾಟ ಸಹಜವಾಗಿ ಒದಗಿದೆ. ಅದು ಛಂದಸ್ಸಿನ ಲಕ್ಷಣ ಹೇಳುವುದಕ್ಕೆ ಮಾತ್ರ ಸಲ್ಲಬೇಕೆ? ಮರಾಠಿಯ ಸೂಚನೆಯೊಂದನ್ನು ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಬರೆದು ಓದಿ ಹೇಳುವುದು, ಕೊಳವೆಬಾವಿಯ ನೀರಿನ ಪರೀಕ್ಷೆಯಲ್ಲಿ ಸೀಸವೂ ಸೇರಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು ಸಹ ಭಾಷೆಯ ಅಧ್ಯಯನವೇ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಸಣ್ಣ ಅಂಕಿಯ ಹಿಂದೆ ಒಂದು ಮಗುವಿನ ಓದು ನಿಂತಿದೆಯೆಂಬುದನ್ನು ಮನೆಮಾತಿನಲ್ಲಿ ಹೇಳಬಲ್ಲವರು ಈ ವಿದ್ಯಾರ್ಥಿಗಳೇ.